ಗುಡುಗುಡಿ ಯಾರದು?

ಟೀಮಿನವರೆಲ್ಲ ಸಕಲೇಶಪುರಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ಟೆಂಪೋ ಟ್ರಾವೆಲರಿನಲ್ಲಿ ಅಂತ್ಯಾಕ್ಷರಿ ಆಡಿ ಆಡಿ ಎಲ್ಲರಿಗೂ ಸಾಕಾಗಿತ್ತು. ರಘು ದೀಕ್ಷಿತ್ ಹಾಡಿರೋದರಲ್ಲಿ ನಿಮಗೆ ತುಂಬ ಇಷ್ಟವಾದ ಒಂದೇ ಒಂದು ಹಾಡು ಹೇಳಿ, ಅದನ್ನೇ ಹಾಕೋಣ ಅಂತ ಯಾರೋ ಶುರು ಮಾಡಿದರು. ಹನ್ನೆರಡು ಜನ ಇದ್ದೆವು. ಹಿಂದಿಯವರು 'ಮೈಸೂರ್ ಸೇ ಆಯೀ', 'ಹೇ ಭಗವಾನ್' ಅಂದರು. ಮಂಗಳೂರಿನಿಂದ ಹೊಸದಾಗಿ ಸೇರಿದ್ದ ಹುಡುಗ 'ಖಿಡ್ಕಿ' ಅಂದ. ಇಬ್ಬರು 'ನಿನ್ನ ಪೂಜೆಗೆ ಬಂದೆ ಮಹದೇಶ್ವರ' ಅಂದರು. ಅದು 2008ರ 'ಸೈಕೋ' ಸಿನಿಮಾದ ಹಾಡು. ಸಿನಿಮಾ ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ, ಹಾಡು ಮಾತ್ರ ಎಲ್ಲರಿಗೂ ಬಾಯಿಪಾಠ. ಉಳಿದವರದೆಲ್ಲ ಒಂದೇ ಉತ್ತರ: 'ಗುಡುಗುಡಿಯ ಸೇದಿ ನೋಡೋ'.

ಹಾಡು ಬಂದಾಗ ಗಾಡಿ ಅಲ್ಲಾಡುವಷ್ಟು ಕುಣಿದರು. ಮುಗಿದ ಮೇಲೆ ಒಬ್ಬಳು, "ಏನ್ ಬರೀತಾನೆ ಕಣ್ರೀ ರಘು!" ಅಂದಳು. ನಾನು ಸುಮ್ಮನಿರಬಹುದಿತ್ತು. ಅದು ಶಿಶುನಾಳ ಷರೀಫರದು ಅಂದೆ. "ಯಾರು, ಲಿರಿಸಿಸ್ಟಾ?" ಅಂದಳು.

ಹೌದು ಅಂದೆ. ಸಿಟ್ಟು ಬಂದಿತ್ತು. ಆದರೆ ಯಾರ ಮೇಲೆ ಸಿಟ್ಟಾಗಬೇಕು ಅಂತ ಆಗ ಗೊತ್ತಾಗಲಿಲ್ಲ. ರಘು ಷರೀಫರ ಹೆಸರನ್ನೇನೂ ಮುಚ್ಚಿಟ್ಟವರಲ್ಲ. ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಗಿಟಾರ್ ಹಿಡಿದು ಲುಂಗಿ ಗೆಜ್ಜೆಯಲ್ಲಿ ಸ್ಟೇಜ್ ಹತ್ತಿದ ಮನುಷ್ಯ. 1889ರಲ್ಲಿ ತೀರಿಹೋದ ಒಬ್ಬ ಅನುಭಾವಿಯ ಪದಗಳನ್ನು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋವರೆಗೆ ಹೋದ ಬ್ಯಾಂಡಿನ ಕೈಗೆ ಕೊಟ್ಟವರೂ ಅವರೇ. ನಮ್ಮ ಅಪ್ಪಂದಿರ ಕಾಲದಲ್ಲಿ ಇದೇ ಕೆಲಸವನ್ನು ಸಿ. ಅಶ್ವತ್ಥ್ ಮಾಡಿದ್ದರು. 1990ರ 'ಸಂತ ಶಿಶುನಾಳ ಷರೀಫ' ಸಿನಿಮಾದ ಹಾಡುಗಳು ನಮ್ಮೂರ ಹಿಟ್ಟಿನ ಗಿರಣಿಯಲ್ಲೂ ಕೇಳುತ್ತಿದ್ದವು. ಅವರೂ ಹಾಸನ ಜಿಲ್ಲೆಯವರು, ಧಾರವಾಡದ ಕಡೆಯವರಲ್ಲ. ಹಾಗಾಗಿ 'ನಮ್ಮ ಕಡೆಯ ಪದ, ನಿಮಗೇನು ಗೊತ್ತು' ಅನ್ನುವ ಜಗಳಕ್ಕೆ ಅರ್ಥವಿಲ್ಲ.

ನನ್ನ ತಕರಾರು ಬೇರೆ. ರಘು ಹಾಡಿರುವ ಷರೀಫರ ಪದಗಳಲ್ಲಿ ಅಭಿಮಾನಿಗಳು ತಲೆ ಮೇಲೆ ಹೊತ್ತದ್ದು ಕಿವಿಗೊಡದೆಯೂ ಕುಣಿಯಬಹುದಾದ ಹಾಡನ್ನು.

'ಗುಡುಗುಡಿ'ಯಲ್ಲಿ ಗಿಟಾರ್ ಮಾಡುವುದು ದಮ್ಮಡಿಯ ಕೆಲಸ. ರಘು ಒಂದೊಂದೇ ತಂತಿ ಮೀಟಿ ಸೋಲೋ ಹೊಡೆಯುವ ಗಿಟಾರಿಸ್ಟ್ ಅಲ್ಲ. ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸಿ, ಅದರ ಮೇಲೆ ಗಂಟಲು ಬಿಟ್ಟು ಹಾಡುತ್ತಾರೆ. ಅವರು ಒಂದು ಸಾಲು ಎಸೆಯುತ್ತಾರೆ, ಜನ ಅದನ್ನು ಹಿಡಿದು ವಾಪಸ್ ಎಸೆಯುತ್ತಾರೆ. ಭಜನೆಯ ಕ್ರಮವೂ ಇದೇ: ಮುಂದಿನವ ಹಾಡುತ್ತಾನೆ, ಹಿಂದಿನವರು ಎತ್ತಿಕೊಳ್ಳುತ್ತಾರೆ. ಎಷ್ಟೋ ಫ್ಯೂಷನ್ ಬ್ಯಾಂಡುಗಳು ಜಾನಪದದ ಹೆಸರಿನಲ್ಲಿ ಒಂದು ತಮಟೆ ಸೇರಿಸಿ ಕೈತೊಳೆದುಕೊಳ್ಳುತ್ತವೆ. ರಘು ಆ ಹಾಡಿಕೆಯ ಕ್ರಮವನ್ನೇ ಹಿಡಿದಿದ್ದಾರೆ, ದೊಡ್ಡ ಮಾತು. ಆದರೆ ಷರೀಫರು ಆ ಪದದಲ್ಲಿ ಮನಸ್ಸನ್ನು ತಂಬಾಕಿನ ಸಂಚಿ ಮಾಡಿ, ಮೋಹವನ್ನು ಭಂಗಿ ಸೊಪ್ಪಿನ ಹಾಗೆ ಕೊಚ್ಚಿ ಸುಡಲು ಹೇಳುತ್ತಾರೆ. ನಮ್ಮ ಗಾಡಿಯಲ್ಲಿ ಅದು ಬರೀ ಸೇದುವ ಹಾಡಾಗಿತ್ತು. ಇಬ್ಬರು ಆಕ್ಟಿಂಗ್ ಕೂಡ ಮಾಡಿ ತೋರಿಸಿದರು.

ಕೊನೆಗೆ ನನ್ನ ಸರದಿ ಬಂತು. ನಾನು 'ಸೋರುತಿಹುದು ಮನಿಯ ಮಾಳಿಗಿ' ಅಂದೆ.

ನಮ್ಮದು ಗದಗ ಜಿಲ್ಲೆಯ ಊರು. ನಾನು ಪಿಯುಸಿ ಮುಗಿಸುವ ತನಕ ಇದ್ದದ್ದು ಮಣ್ಣಿನ ಮಾಳಿಗೆಯ ಮನೆ. ಮಳೆಗಾಲಕ್ಕೆ ಮುಂಚೆ ಅಪ್ಪ ಸವಳು ಮಣ್ಣು ತಂದು ಮೇಲೆ ಹರಡಿ ತುಳಿಯುತ್ತಿದ್ದ. ಆದರೂ ಜಡಿಮಳೆ ಹಿಡಿದರೆ ಎಲ್ಲೋ ಒಂದು ಕಡೆ ಸೋರುವುದೇ. ಮನೆಯಲ್ಲಿದ್ದ ಬೋಗುಣಿ, ಕೊಡ, ತಂಬಿಗೆ ಎಲ್ಲ ನೆಲಕ್ಕೆ ಬರುತ್ತಿದ್ದವು. ಒಂದೊಂದರದು ಒಂದೊಂದು ಸಪ್ಪಳ. ಅಪ್ಪ ಗೋಣಿಚೀಲ ತಲೆ ಮೇಲೆ ಹಾಕಿಕೊಂಡು ಕತ್ತಲಲ್ಲಿ ಮೇಲೆ ಹತ್ತಿದರೆ, ಅವ್ವ ಬೆಳಕಿಂಡಿಯ ಕೆಳಗೆ ನಿಂತು "ಜ್ವಾಕಿ, ಜ್ವಾಕಿ" ಅನ್ನುತ್ತಿದ್ದಳು. ಷರೀಫರ ಪದದಲ್ಲೂ ಹುಳ ತಿಂದ ಮರವಿದೆ, ಕತ್ತಲಿದೆ, ಮೇಲೆ ಹತ್ತಲಾರದ ಹೆದರಿಕೆಯಿದೆ. ಮಾಳಿಗೆ ಅಂದರೆ ದೇಹ, ಸೋರುವುದು ಅಜ್ಞಾನದಿಂದ ಅಂತ ಆಮೇಲೆ ಮಾಸ್ತರರು ಹೇಳಿಕೊಟ್ಟರು. ಮೊದಲು ಗೊತ್ತಾಗಿದ್ದು ನೀರು.

ರಘು ಇದನ್ನು ಅವಸರವಿಲ್ಲದೆ ಹಾಡುತ್ತಾರೆ. ಕುಣಿಸುವ ಹುರುಪನ್ನು ಬದಿಗಿಟ್ಟು, ಪದಕ್ಕೆ ಜಾಗ ಬಿಡುತ್ತಾರೆ. ಅಶ್ವತ್ಥರ ದನಿಯಲ್ಲಿ ಇದೇ ಪದ ಓಣಿಗೆಲ್ಲ ಕೇಳುವಂಥ ಎಚ್ಚರಿಕೆ. ಇಲ್ಲಿ ಮನೆಯೊಳಗೆ ಒಬ್ಬನೇ ಕೂತವನ ಮಾತು. ಅಭಿಮಾನಿಗಳು ಬೈದರೂ ಪರವಾಗಿಲ್ಲ, ರಘು ಒಳ್ಳೆಯ ಗಾಯಕ ಅನ್ನುವುದಕ್ಕೆ ನನಗೆ ಸಾಕ್ಷಿ ಈ ಹಾಡೇ.

ಯುಗಾದಿಗೆ ಊರಿಗೆ ಹೋದಾಗ ಎರಡನ್ನೂ ಕಾಕಾನಿಗೆ ಕೇಳಿಸಿದೆ. ಅವನು ನಮ್ಮೂರ ಭಜನಾ ಮೇಳದಲ್ಲಿ ನಲವತ್ತು ವರ್ಷದಿಂದ ತಾಳ ಹಿಡಿದವನು. ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳಿದ.

"ಯಾವೂರಾಂವೋ ತಮ್ಮಾ ಇಂವಾ?"

"ಮೈಸೂರು ಕಡ್ಯಾಂವ ಕಾಕಾ."

"ಮಾಳಗಿ ಪದ ಛಲೋ ಅಂದಾನ. ಅವಸರ ಮಾಡಿಲ್ಲ. ಗುಡುಗುಡಿ ಭಾಳ ಜೋರಾತು. ಗುಡುಗುಡಿ ಸೇದಾಂವ ಹಿಂಗ ಓಡ್ತಾನೇನೋ? ಕುಂತ ಸೇದಬೇಕದನ್ನ."

ನಾನು ಹೇಳಬೇಕೆಂದು ಒದ್ದಾಡುತ್ತಿದ್ದ ವಿಮರ್ಶೆಯೆಲ್ಲ ಅಷ್ಟರಲ್ಲಿ ಮುಗಿದಿತ್ತು. ಆದರೂ ಬಿಡಲಿಲ್ಲ. "ಶಿವರಾತ್ರಿ ಜಾಗರಣಿಯೊಳಗ ರಾತ್ರಿ ಎರಡರ ಮ್ಯಾಲೆ ನಿಮ್ಮ ಮೇಳಾನೂ ಹಿಂಗ ಓಡ್ತೈತಲ್ಲ ಕಾಕಾ?" ಅಂದೆ. ಅವನು ನಕ್ಕ. "ಆವಾಗ ನಿದ್ದಿ ಬಂದಿರ್ತೈತೋ. ಜೋರ್ ಬಾರಿಸಲಿಲ್ಲಂದ್ರ ಮಂದಿ ಮಲಗತಾರ."

ರಘುವಿನ ಕಷ್ಟವೂ ಅದೇ ಇರಬೇಕು. ಕಂಪನಿಗಳ ಆನ್ಯುಯಲ್ ಡೇಗೆ, ಕಾಲೇಜು ಫೆಸ್ಟಿಗೆ ಬಂದ ನಮ್ಮಂಥವರನ್ನು ಎಚ್ಚರ ಇಡುವುದು ಸುಲಭವಲ್ಲ. ಅಂದು ಗಾಡಿಯಲ್ಲೂ ಹಾಗೇ ಆಯಿತು. ನನ್ನ ಹಾಡು ಒಂದು ನಿಮಿಷ ಓಡಿತ್ತು ಅಷ್ಟೇ, "ಸ್ಲೋ ಇದೆ, ನೆಕ್ಸ್ಟ್" ಅಂತ ಹಿಂದಿನ ಸೀಟಿನಿಂದ ಕೂಗು ಬಂತು. 'ಮೈಸೂರ್ ಸೇ ಆಯೀ' ಮತ್ತೆ ಶುರುವಾಯಿತು. ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಸೋಮವಾರ ಆಫೀಸಿನಲ್ಲಿ ಮಂಗಳೂರಿನ ಹುಡುಗ ಕಾಫಿ ಮೆಷೀನ್ ಹತ್ತಿರ ಸಿಕ್ಕ. ಆ ಹಾಡನ್ನು ಮನೆಗೆ ಹೋಗಿ ಪೂರ್ತಿ ಕೇಳಿದನಂತೆ. "ಒಂದು ಡೌಟು ಮಾರಾಯ್ರೆ. ಮಾಳಿಗೆ ಅಂದ್ರೆ ಮಹಡಿ ಅಲ್ವಾ? ಸೋರೋದು ಮಾಡಲ್ವಾ? ಮಹಡಿ ಹೇಗೆ ಸೋರ್ತದೆ?" ಅಂದ.

ಖಾಲಿ ಮೀಟಿಂಗ್ ರೂಮಿಗೆ ಕರೆದುಕೊಂಡು ಹೋಗಿ ವೈಟ್‌ಬೋರ್ಡ್ ಮೇಲೆ ನಮ್ಮ ಹಳೇ ಮನೆ ಬರೆದು ತೋರಿಸಿದೆ. ಕೆಳಗೆ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಎಲ್ಲದರ ಮೇಲೆ ಮಣ್ಣು, ನಡುವೆ ಬೆಳಕಿಂಡಿ.

"ಮಣ್ಣಾ? ಮಳೆಗೆ?" ಅಂದ ಅವನು, ವರ್ಷಕ್ಕೆ ನಾಲ್ಕು ತಿಂಗಳು ಮಳೆ ನೋಡಿದವನು.