ನಕಾಶೆಯಲ್ಲಿಲ್ಲದ ಮಾಹುಲ್

ಡೇಟಾ ಸೆಂಟರ್ ಎಲ್ಲಿರಬೇಕೆಂಬ ಚರ್ಚೆಯನ್ನು ಮುಂಬಯಿ ಬೇಗ ಮುಗಿಸಿಬಿಟ್ಟಿತು. ಸಮುದ್ರದಡಿಯ ಕೇಬಲ್ ವರ್ಸೋವಾ, ಪ್ರಭಾದೇವಿಗಳಲ್ಲಿ ದಡ ಹತ್ತುತ್ತದೆ. ಬ್ಯಾಂಕುಗಳು, ಷೇರುಪೇಟೆ ಹತ್ತಿರದಲ್ಲೇ ಇವೆ. ಪಾವತಿಯ ಮಾಹಿತಿ ದೇಶದೊಳಗೇ ಇರಬೇಕೆಂದು 2018ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ ಮೇಲಂತೂ ಅವಸರ ಹೆಚ್ಚಿತು. ಚಾಂದಿವಲಿ, ಐರೋಲಿ, ಮಹಾಪೆ, ಪನ್ವೇಲ್‌ವರೆಗೂ ಕಿಟಕಿಯಿಲ್ಲದ ಕಟ್ಟಡಗಳು ಎದ್ದವು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಫೋನಿನಲ್ಲೇ ದುಡ್ಡು ಕಟ್ಟುವ ನಾವೂ ಅವುಗಳ ಗಿರಾಕಿಗಳೇ.

ಕೇಬಲ್, ಜಮೀನುಗಳ ಲೆಕ್ಕದಲ್ಲಿ ಈ ಆಯ್ಕೆ ಸರಿ. ಎಡವಟ್ಟಿರುವುದು ಕರೆಂಟಿನ ಲೆಕ್ಕದಲ್ಲಿ. ಹೊರಗಿನ ವಿದ್ಯುತ್ತನ್ನು ಒಳಗೆ ತರುವ ದಾರಿ ಮುಂಬಯಿಗೆ ಮೊದಲಿನಿಂದಲೂ ಇಕ್ಕಟ್ಟು. 2020ರ ಅಕ್ಟೋಬರ್ 12ರಂದು ಕಳ್ವಾ-ಪಡ್ಘಾ ಭಾಗದ ಲೈನುಗಳು ಕೈಕೊಟ್ಟಾಗ ಲೋಕಲ್ ರೈಲುಗಳು ಹಳಿಯ ಮೇಲೇ ನಿಂತವು. ಆ ಕಳ್ವಾದ ಮಗ್ಗುಲಲ್ಲೇ ಐರೋಲಿ! ಹೊಸ ಲೈನುಗಳು ಬಂದಿವೆ, ನಿಜ. ಬೇಡಿಕೆಯೂ ಜೊತೆಗೇ ಏರಿದೆ. ಹೀಗಾಗಿ ಊರೊಳಗೇ ವಿದ್ಯುತ್ ಉತ್ಪಾದನೆಯಾಗಲಿ ಎಂಬ ವಾದಕ್ಕೆ ಬಲ ಬಂತು. ಟ್ರಾಂಬೆಯಲ್ಲಿ ಟಾಟಾ ಪವರ್‌ನ ಕಲ್ಲಿದ್ದಲು ಘಟಕಗಳನ್ನು ಮುಚ್ಚುವ ಮಾತಿತ್ತು. 2023ರ ಕೊನೆಗೆ ಅವುಗಳ ಆಯಸ್ಸು ಬೆಳೆಯಿತು. ಡೇಟಾ ಸೆಂಟರ್‌ಗಳ ಹಸಿವೂ ಇದಕ್ಕೊಂದು ಕಾರಣವೆಂದು ವರದಿಗಳಿವೆ.

ಟ್ರಾಂಬೆಯ ಹೊಗೆ ಕುಡಿಯುವುದು ಮಾಹುಲ್. ಸುತ್ತ ತೈಲ ಸಂಸ್ಕರಣಾಗಾರಗಳು, ನಡುವೆ ಕೋಳಿ ಸಮುದಾಯದ ಮೀನುಗಾರರ ಹಳೆಯ ಊರು, ಅದರ ಪಕ್ಕದಲ್ಲಿ ಯೋಜನಾ ಸಂತ್ರಸ್ತರನ್ನು ತುಂಬಿದ ಕಟ್ಟಡಗಳು. ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಜನರನ್ನು ಬಲವಂತವಾಗಿ ಅಲ್ಲಿಗೆ ಕಳಿಸಬೇಡಿ ಎಂದು 2019ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಡೇಟಾ ಸೆಂಟರ್ ಜಾಗದ ಮಾತುಕತೆಗೆ ಈ ಜನರನ್ನು ಕರೆದವರು ಯಾರು?

ನಾವು ಕೊಳ್ಳುವುದು ಹಸಿರು ವಿದ್ಯುತ್ ಎಂದು ಕಂಪನಿಗಳು ಹೇಳುತ್ತವೆ. ಕೊಳ್ಳುವ ಮನಸ್ಸು ಒಳ್ಳೆಯದೇ. ಎಲ್ಲೋ ದೂರದ ಬಯಲಲ್ಲಿ ಹುಟ್ಟಿದ ಸೌರವಿದ್ಯುತ್ತಿನ ರಶೀದಿ ಬರಬಹುದು, ಆದರೆ ಸಂಜೆ ಏಳಕ್ಕೆ ಸರ್ವರ್ ತಂಪಾಗಿರಿಸಲು ಬೇಕಾಗುವುದು ಆ ಹೊತ್ತಿಗೆ ಊರೊಳಗೆ ಸಿಗುವ ಕರೆಂಟು. ಅದರ ಮೇಲೆ, ಕರೆಂಟು ಕೈಕೊಟ್ಟರೆ ಇರಲೆಂದು ಇಟ್ಟ ಡೀಸೆಲ್ ಜನರೇಟರುಗಳ ಸಾಲು ಬೇರೆ.

ರಾಜ್ಯದ 2023ರ ಐಟಿ ನೀತಿ ಈ ಉದ್ಯಮಕ್ಕೆ ವಿದ್ಯುತ್ ಶುಲ್ಕದಲ್ಲೇ ವಿನಾಯಿತಿ ಕೊಡುತ್ತದೆ. ಕಾವಲು, ನಿರ್ವಹಣೆ ಬಿಟ್ಟರೆ ಹೆಚ್ಚು ಕೆಲಸ ಕೊಡದ ಉದ್ಯಮಕ್ಕೆ ಇದು ಧಾರಾಳತನವೇ ಸರಿ. ಹೊಸ ಲೈನೋ ಸಂಗ್ರಹ ಬ್ಯಾಟರಿಯೋ ತನ್ನ ಖರ್ಚಿನಲ್ಲಿ ತಂದವರಿಗೆ ಮಾತ್ರ ಆ ರಿಯಾಯಿತಿ ಸಿಗಲಿ. ಉಳಿದವರು ಪೂರ್ತಿ ಶುಲ್ಕ ಕಟ್ಟಲಿ.