ಸರದಿಯಲ್ಲಿ ಅರಳುವ ಬೀದಿಗಳು

ದೇವನೂರು, ಕಡೂರಿನ ಕಡೆಯಿಂದ ಬೆಂಗಳೂರಿಗೆ ಬರುವ ನೆಂಟರಿಗೆ ನಾನು ಮೊದಲು ತೋರಿಸುವುದು ರಸ್ತೆಬದಿಯ ಮರಗಳನ್ನು. ಅವುಗಳ ಹಿಂದೆ ಒಬ್ಬ ತೋಟಗಾರರ ಅಪೂರ್ವ ಲೆಕ್ಕಾಚಾರವಿದೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾದಲ್ಲಿ ದುಡಿದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜಿ.ಎಚ್. ಕ್ರುಂಬಿಗಲ್, ಒಂದು ಜಾತಿಯ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರ ಆರಿಸಿದರು. ವರ್ಷದ ಕೊನೆಗೆ ಆಕಾಶಮಲ್ಲಿಗೆ, ಆಮೇಲೆ ಗುಲಾಬಿ ಟಬೆಬುಯಾ, ಬಿಸಿಲೇರಿದಂತೆ ಜಕರಂಡ, ಏಪ್ರಿಲ್-ಮೇನಲ್ಲಿ ಗುಲ್‌ಮೊಹರ್. ಉದುರಿದ ಗುಲ್‌ಮೊಹರ್ ಹೂವೊಂದನ್ನು ಅಂಗೈಯಲ್ಲಿಟ್ಟು ನೋಡಿ: ನಾಲ್ಕು ಎಸಳು ಕೆಂಪು, ಐದನೆಯದರಲ್ಲಿ ಮಾತ್ರ ಬಿಳಿ-ಹಳದಿ ಗೆರೆಗಳು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಇಷ್ಟ ಹೊಂಗೆ. ನಮ್ಮ ಬಯಲುಸೀಮೆಯ ರೈತರು ಹಸಿರುಗೊಬ್ಬರಕ್ಕೆಂದು ಹೊಲದ ಬದುವಿನಲ್ಲಿ ಬೆಳೆಸುವ ಮರವೇ ಇಲ್ಲಿ ಪಾದಚಾರಿ ದಾರಿಗೆ ನೆರಳು. ಯುಗಾದಿಯ ಹೊತ್ತಿಗೆ ಹೊಳೆಯುವ ಎಳೆಯೆಲೆ. ಬೆಳಿಗ್ಗೆ ನೋಡಿದರೆ ನಿಂತ ಕಾರುಗಳ ಮೇಲೆಲ್ಲ ಹುರಿಯರಳಿನಂತೆ ಸುರಿದ ತಿಳಿನೇರಳೆ ಹೂವು.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ನಗರದಲ್ಲಿ 15 ಲಕ್ಷದಷ್ಟು ಸಸಿ ನೆಡಿಸಿದ್ದರಿಂದಲೇ ಹೊಸ ಬಡಾವಣೆಗಳಿಗೂ ಈ ಭಾಗ್ಯ ದಕ್ಕಿತು. ಬೆಂಗಳೂರಿನಂತೆಯೇ ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳೂ ಈಗ ಬೆಳೆಯುತ್ತಿವೆ. ಅಲ್ಲಿ ರಸ್ತೆ ಅಗಲ ಮಾಡುವ ನಕ್ಷೆಯಲ್ಲೇ ಮರದ ಗುಂಡಿಗೂ ಜಾಗ ಗುರುತಿಸಬೇಕು, ಮೊದಲ ಸಾಲು ಹೊಂಗೆಯದೇ ಆಗಬೇಕು.