ತಾಯಿಗಾಗಿ ಹನ್ನೊಂದು ಹಾಡು

ಅಮೆರಿಕದ ಗಾಯಕ ಸುಫ್ಯಾನ್ ಸ್ಟೀವನ್ಸ್‌ನ ತಾಯಿ ಕ್ಯಾರಿ ತೀರಿಕೊಂಡದ್ದು 2012ರಲ್ಲಿ. ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದ ಆಕೆ, ಮಗ ಹಸುಗೂಸಾಗಿದ್ದಾಗಲೇ ಮನೆ ಬಿಟ್ಟಿದ್ದಳು. ಮುಂದೆ ಆಕೆ ಮದುವೆಯಾದ ಲೋವೆಲ್‌ನ ಜೊತೆ ಆರೆಗಾನ್‌ನಲ್ಲಿ ಕಳೆದ ಕೆಲವು ಬೇಸಿಗೆಗಳಷ್ಟೇ ಮಗನಿಗೆ ಉಳಿದ ತಾಯಿಯ ನೆನಪು. 2015ರ ‘ಕ್ಯಾರಿ ಆ್ಯಂಡ್ ಲೋವೆಲ್’ ಆಲ್ಬಂ ಹುಟ್ಟಿದ್ದು ಆ ನೆನಪಿನಿಂದ.

ಅದಕ್ಕೂ ಹತ್ತು ವರ್ಷ ಹಿಂದೆ ‘ಇಲಿನಾಯ್’ ಆಲ್ಬಂನಲ್ಲಿ ಕಹಳೆ, ಪಿಟೀಲು, ಮೇಳಗಾನಗಳ ಜಾತ್ರೆಯನ್ನೇ ನೆರೆಸಿದ್ದವನು ಇಲ್ಲಿ ಡ್ರಮ್ಸ್ ಅನ್ನು ಹತ್ತಿರಕ್ಕೂ ಬಿಟ್ಟುಕೊಂಡಿಲ್ಲ. ಬೆರಳಿನಿಂದ ಮೀಟಿದ ತಂತಿಗಳು, ಅವುಗಳ ಮೇಲೆ ಪಿಸುಮಾತಿನ ಹತ್ತಿರದ ಕಂಠ. ಆ ಕಂಠವನ್ನು ಎರಡು ಬಾರಿ ಹಾಡಿಸಿ ಒಂದರ ಮೇಲೊಂದು ಕೂಡಿಸಿದ್ದರಿಂದ, ಅಂಚು ತುಸು ಮಸುಕಾಗಿ, ಒಬ್ಬನೇ ಹಾಡುತ್ತಿದ್ದರೂ ಪಕ್ಕದಲ್ಲಿ ಇನ್ನೊಬ್ಬರಿದ್ದಂತೆ ಕೇಳಿಸುತ್ತದೆ. ಕೆಲವು ಹಾಡುಗಳ ಕೊನೆಯಲ್ಲಿ ಮಾತು ನಿಂತು, ದೀರ್ಘ ನಾದವೊಂದು ಹರಡಿಕೊಳ್ಳುತ್ತದೆ. ನನಗೆ ಆಲ್ಬಂನ ಜೀವ ಇರುವುದು ಅಲ್ಲೇ.

ವಿಮರ್ಶಕರು ಮನಸಾರೆ ಮೆಚ್ಚಿದರು. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಹತ್ತಕ್ಕೆ 9.3 ಅಂಕ ಕೊಟ್ಟಿತು; ಆ ವರ್ಷದ ಶ್ರೇಷ್ಠ ಆಲ್ಬಂಗಳ ಅನೇಕ ಪಟ್ಟಿಗಳಲ್ಲಿ ಇದಕ್ಕೆ ಜಾಗ ಸಿಕ್ಕಿತು. ಹೊಗಳಿಕೆಯಲ್ಲಿ ಹೆಚ್ಚು ಕೇಳಿಬಂದದ್ದು ಅದರ ಪ್ರಾಮಾಣಿಕತೆಯ ಮಾತು. ಅದು ನಿಜವೇ. ಆದರೆ ದುಃಖ ಪ್ರಾಮಾಣಿಕವಾದ ಮಾತ್ರಕ್ಕೆ ಹಾಡಾಗುವುದಿಲ್ಲ. ಇಷ್ಟು ನೋವನ್ನು ಇಷ್ಟು ಹಗುರವಾದ ರಾಗಗಳಲ್ಲಿ, ದನಿ ಏರಿಸದೆ ಹಿಡಿದಿಟ್ಟ ಕಸುಬುಗಾರಿಕೆಗೆ ಆ ಹೊಗಳಿಕೆಯ ದೊಡ್ಡ ಪಾಲು ಸಲ್ಲಬೇಕು.